ರೇಟು ಮಾತಾಡುವ ಮೊದಲು ಅಕೌಂಟ್ ನೋಡಿ

ಕಲಬುರಗಿಯಲ್ಲಿ ಸಣ್ಣ ಕಂಪನಿ, ಮಿಲ್ಲು, ಕಾಲೇಜುಗಳ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳಿವು. ಬರೆದುಕೊಡಿ ಎಂದು ಕೆಲವರು ಕೇಳಿದ್ದರಿಂದ ಬರಹಕ್ಕೆ ಇಳಿಸಿದ್ದೇನೆ.

ಎಲ್ಲರಿಗೂ ಶರಣು ಶರಣಾರ್ಥಿಗಳು.

ಅರ್ಹತೆ ಅನ್ನುವ ಮಾತನ್ನು ಈ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಮನೆಗಳ ಕಪಾಟಿನಲ್ಲಿ, ಕಲ್ಯಾಣ ಕರ್ನಾಟಕದವರೆಂದು ತೋರಿಸುವ 371ಜೆ ಪ್ರಮಾಣಪತ್ರ ಲ್ಯಾಮಿನೇಟ್ ಆಗಿ ಕೂತಿರುತ್ತದೆ. 2013ರಿಂದ ಈಚೆಗೆ ನಮ್ಮ ಮಕ್ಕಳು ಸೀಟಿಗೆ, ಕೆಲಸಕ್ಕೆ ಅರ್ಜಿ ಹಾಕುವಾಗ ಆ ಕಾಗದ ಇದೆಯಾ ಅಂತ ಮನೆಯವರೆಲ್ಲ ಕೇಳುತ್ತಾರೆ. ಸಹಾಯಕ ಆಯುಕ್ತರ ಸಹಿ ಇದೆಯಾ? ಹೆಸರು ಅಂಕಪಟ್ಟಿಯಲ್ಲಿರುವ ಹಾಗೇ ಇದೆಯಾ? ಅಂಕ ಎಷ್ಟೇ ಬಂದಿರಲಿ, ಆ ಕಾಗದ ಇಲ್ಲದಿದ್ದರೆ ಸ್ಥಳೀಯರ ಪಾಲಿನ ಸೀಟು ಸಿಗುವುದಿಲ್ಲ. ಅದಕ್ಕೇ ತಿಳಿದ ತಂದೆ ತಾಯಿ ಕೌನ್ಸೆಲಿಂಗ್ ದಿನ ಆಫೀಸಿಗೆ ಓಡುವುದಿಲ್ಲ. ಮಗಳು ಪಿಯುಸಿ ಓದುವಾಗಲೇ ಮಾಡಿಸಿ ಇಟ್ಟಿರುತ್ತಾರೆ.

ಸಾಫ್ಟ್‌ವೇರ್ ಕೊಳ್ಳುವಾಗ ಮಾತ್ರ ನಾವೇ ಇದನ್ನು ಉಲ್ಟಾ ಮಾಡುತ್ತೇವೆ. ಮೊದಲು ರೇಟು ಮಾತಾಡುತ್ತೇವೆ. ವಾರಗಟ್ಟಲೆ ಚೌಕಾಸಿ ಮಾಡುತ್ತೇವೆ. ಖರೀದಿ ಮಾಡಬೇಕಾದ ದಿನ ಬಂದಾಗ, ನಮ್ಮ ಕ್ಲೌಡ್ ಅಕೌಂಟ್‌ಗೆ, ಅಂದರೆ ಇಂಟರ್ನೆಟ್ ಮೂಲಕ ಬಾಡಿಗೆಗೆ ತೆಗೆದುಕೊಂಡ ಸರ್ವರಿನ ಖಾತೆಗೆ, ಇದನ್ನು ಕೊಳ್ಳಲು ಬರುತ್ತದಾ ಅಂತ ನೋಡುತ್ತೇವೆ. ಇವತ್ತು ನಾನು ಹೇಳಬೇಕೆಂದಿರುವುದು ಇದೊಂದೇ ವಿಷಯ. ಚೌಕಾಸಿ ಮಾಡಿದ ರೇಟು ನಿಮ್ಮ ಹೆಸರಿಗೆ ಬರುವುದಿಲ್ಲ. ನಿಮ್ಮ ಕಂಪನಿಯ ಹೆಸರಿಗೂ ಬರುವುದಿಲ್ಲ. ಒಂದು ಅಕೌಂಟ್ ನಂಬರಿಗೆ ಬರುತ್ತದೆ. ಆ ನಂಬರ್ ತಪ್ಪಿದರೆ ಮೂರು ವಾರ ಮಾತಾಡಿದ್ದು ನೀರಿನಲ್ಲಿ ಹೋಮ ಮಾಡಿದ ಹಾಗೆ.

ಇಲ್ಲಿ ಕೆಲವರಿಗೆ ಕ್ಲೌಡ್ ಮಾರ್ಕೆಟ್‌ಪ್ಲೇಸ್ ಹೊಸದು. ಅವರಿಗಾಗಿ ಎರಡು ಮಾತು. ನಮ್ಮ ಗಂಜ್ ಗೊತ್ತಲ್ವಾ? ತೊಗರಿ ಬೆಳೆದವನು ಬೇರೆ, ಕೊಳ್ಳುವವನು ಬೇರೆ. ನಡುವೆ ಎಪಿಎಂಸಿ ಜಾಗ ಕೊಡುತ್ತದೆ, ಲೆಕ್ಕ ಇಡುತ್ತದೆ. ಲೈಸೆನ್ಸ್ ಇದ್ದವನೇ ಟೆಂಡರ್ ಹಾಕಬೇಕು. ಜೇಬಿನಲ್ಲಿ ದುಡ್ಡಿದೆ ಅಂತ ಸುಮ್ನೆ ಹೋಗಿ ರಾಶಿಗೆ ಕೈ ಹಾಕಲು ಬರುವುದಿಲ್ಲ. ಅಮೆಜಾನಿನ ಕ್ಲೌಡ್ ಸೇವೆಯ ಹೆಸರು ಎಡಬ್ಲ್ಯೂಎಸ್. ಅದರ ಮಾರ್ಕೆಟ್‌ಪ್ಲೇಸ್ ಶುರುವಾದದ್ದು 2012ರಲ್ಲಿ. ಅದೂ ಇಂಥದ್ದೇ ಒಂದು ಗಂಜ್. ಬೇರೆ ಬೇರೆ ಕಂಪನಿಗಳು ತಮ್ಮ ಸಾಫ್ಟ್‌ವೇರ್ ಅಲ್ಲಿ ಇಡುತ್ತವೆ. ನಾವು ಕೊಂಡರೆ ಅದರ ದುಡ್ಡು ನಮ್ಮ ಕ್ಲೌಡ್ ಅಕೌಂಟ್ ಮೂಲಕವೇ ಹೋಗುತ್ತದೆ. ಮೈಕ್ರೋಸಾಫ್ಟ್ ಅಜೂರ್, ಗೂಗಲ್ ಕ್ಲೌಡ್ ಕೂಡ ಇಂಥ ಅಂಗಡಿ ಇಟ್ಟಿವೆ.

ಅಂಗಡಿಯಲ್ಲಿ ಹಾಕಿರುವ ರೇಟು ಎಲ್ಲರಿಗೂ ಕಾಣುವಂಥದ್ದು. ಆದರೆ ಜಾಸ್ತಿ ಕೊಳ್ಳುವವರು, ಎರಡು ಮೂರು ವರ್ಷಕ್ಕೆ ಕರಾರು ಮಾಡುವವರು ಮಾರುವ ಕಂಪನಿಯ ಜೊತೆ ನೇರವಾಗಿ ಮಾತಾಡಿ ಬೇರೆ ರೇಟು ಕುದುರಿಸಿಕೊಳ್ಳಬಹುದು. ಮಾತು ಮುಗಿದ ಮೇಲೆ ಅವರು ಆ ರೇಟು, ಅವಧಿ, ಷರತ್ತು ಎಲ್ಲ ಸೇರಿಸಿ ನಮಗೆ ಮಾತ್ರ ಕಾಣುವ ಒಂದು ಆಫರ್ ಮಾಡಿ ಕಳಿಸುತ್ತಾರೆ. ಇದನ್ನು ಪ್ರೈವೇಟ್ ಆಫರ್ ಅನ್ನುತ್ತಾರೆ. ಇಲ್ಲಿ ‘ನಮಗೆ ಮಾತ್ರ’ ಅಂದರೆ ಆ ಅಕೌಂಟ್ ನಂಬರಿಗೆ ಮಾತ್ರ.

ಈಗ ನಾನು ಪೆಟ್ಟು ತಿಂದದ್ದನ್ನು ಹೇಳುತ್ತೇನೆ.

ನಾನು ಸರ್ವರ್ ನೋಡಿಕೊಳ್ಳುವ ಒಂದು ದಾಲ್ ಮಿಲ್ ಇದೆ. ಮಿಲ್ಲು ಇಲ್ಲಿ, ಖರೀದಿ ಆಫೀಸು ತಾಂಡೂರಿನಲ್ಲಿ, ಮಾರಾಟದ ಆಫೀಸು ಸೊಲ್ಲಾಪುರದಲ್ಲಿ. ಲೆಕ್ಕಪತ್ರವೆಲ್ಲ ಎಡಬ್ಲ್ಯೂಎಸ್ ಮೇಲೆ. ಬ್ಯಾಕಪ್‌ಗೆ ಒಂದು ಸಾಫ್ಟ್‌ವೇರ್ ಬೇಕಿತ್ತು. ಮಾರುವ ಕಂಪನಿಯ ಜೊತೆ ಮೂರು ವಾರ ಮಾತಾಡಿದೆವು. ಮಿಲ್ಲಿನ ಸಾವ್ಕಾರರು ತೊಗರಿ ರೇಟು ಮಾತಾಡಿ ಪಳಗಿದವರು. ಒಳ್ಳೆಯ ರೇಟೇ ಹೊಂದಿಸಿದರು. ಆ ಕಂಪನಿಗೂ ಅದು ತ್ರೈಮಾಸಿಕದ ಕೊನೆ, ಮಾರಾಟ ಮುಗಿಸುವ ಅವಸರ. ಅಕೌಂಟ್ ನಂಬರ್ ಕಳಿಸಿ ಅಂದರು.

ನಮ್ಮ ಹತ್ತಿರ ಮೂರು ಅಕೌಂಟ್ ಇದ್ದವು. ಮೂರರ ನಂಬರನ್ನೂ ನಾನು ಎಕ್ಸೆಲ್‌ನಲ್ಲಿ ಇಟ್ಟಿದ್ದೆ. ಎಡಬ್ಲ್ಯೂಎಸ್ ಅಕೌಂಟ್ ನಂಬರ್ ಯಾವಾಗಲೂ 12 ಅಂಕಿ. ನಮಗೆ ಬೇಕಾಗಿದ್ದ ಅಕೌಂಟಿನ ನಂಬರ್ ಸೊನ್ನೆಯಿಂದ ಶುರುವಾಗುತ್ತಿತ್ತು. ಎಕ್ಸೆಲ್ ಅದನ್ನು ಲೆಕ್ಕದ ಸಂಖ್ಯೆ ಅಂದುಕೊಂಡು ಮುಂದಿನ ಸೊನ್ನೆ ತಿಂದುಹಾಕಿತ್ತು. ಉಳಿದದ್ದು 11 ಅಂಕಿ. ನಾನು ಗಮನಿಸದೆ ಅದನ್ನೇ ಕಳಿಸಿದೆ. ‘ಒಂದು ಅಂಕಿ ಕಡಿಮೆ ಇದೆ’ ಅಂತ ಆ ಕಡೆಯಿಂದ ಮಿಲ್ಲಿಗೆ ಫೋನ್ ಬಂತು. ಆಫೀಸಿನ ಹುಡುಗ ಹಳೆಯ ಮೇಲ್ ಹುಡುಕಿ, ಅದರಲ್ಲಿದ್ದ 12 ಅಂಕಿಯ ನಂಬರ್ ಓದಿ ಹೇಳಿದ. ಅದು ನಾವು ಪರೀಕ್ಷೆಗೆ ಅಂತ ತೆಗೆದು ಬಿಟ್ಟಿದ್ದ ಅಕೌಂಟ್.

ಆಫರ್ ಬಂತು. ಮಿಲ್ಲಿನ ಅಕೌಂಟೆಂಟ್ ಸಂಜೆ ಫೋನ್ ಮಾಡಿದರು. “ಸರ್, ಆಫರ್ ಬಂದದ ಅಂತ ಮೇಲ್ ಅದ. ಒತ್ತಿದ್ರ ಪೇಜ್ ನಾಟ್ ಫೌಂಡ್ ಅಂತದ ನೋಡ್ರಿ.” ನೆಟ್‌ವರ್ಕ್ ತೊಂದರೆ ಇರಬೇಕು, ನಾಳೆ ನೋಡೋಣ ಅಂದೆ. ನಾಳೆ ನೋಡುವಷ್ಟರಲ್ಲಿ ಆಫರ್ ಅವಧಿ ಮುಗಿದಿತ್ತು. ತ್ರೈಮಾಸಿಕವೂ ಮುಗಿದಿತ್ತು. ಹಳೆಯ ರೇಟಿಗೆ ಆ ಕಂಪನಿಯ ಮೇಲಿನವರ ಒಪ್ಪಿಗೆ ಮತ್ತೆ ಸಿಗಲಿಲ್ಲ. ಜಾಸ್ತಿ ದುಡ್ಡು ಕೊಟ್ಟು ಕೊಳ್ಳಬೇಕಾಯಿತು. ಸಾವ್ಕಾರರು ಬೈಯಲಿಲ್ಲ. ಆದರೆ ಆ ದುಡ್ಡು ಮಿಲ್ಲಿನದು, ತಪ್ಪು ನನ್ನದು. ಅದಕ್ಕೇ ಇವತ್ತು ಇಲ್ಲಿ ನಿಂತು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಪೇಜ್ ನಾಟ್ ಫೌಂಡ್ ಅಂತ ಬಂದರೆ ಅದು ನೆಟ್‌ವರ್ಕ್ ಅಲ್ಲ. ಬಹಳ ಸಲ ಅದರ ಅರ್ಥ, ಈ ಆಫರ್ ನೀವು ಈಗ ಒಳಗೆ ಬಂದಿರುವ ಅಕೌಂಟಿನದಲ್ಲ ಅಂತ. ಇಲ್ಲವೇ ಅವಧಿ ಮುಗಿದಿದೆ ಅಂತ. ಎಡಬ್ಲ್ಯೂಎಸ್ ಬೇರೆಯವರ ಆಫರನ್ನು ‘ಇದು ನಿನ್ನದಲ್ಲ’ ಅಂತ ತೋರಿಸುವುದಿಲ್ಲ. ಇಲ್ಲವೇ ಇಲ್ಲ ಅನ್ನುವ ಹಾಗೆ ತೋರಿಸುತ್ತದೆ. ಮೊದಲು ಪರದೆಯ ಮೇಲೆ ಬಲಗಡೆ ಮೂಲೆ ಒತ್ತಿ. ಅಲ್ಲಿ 12 ಅಂಕಿ ಕಾಣುತ್ತವೆ. ಮಾರುವವರಿಗೆ ಕೊಟ್ಟ ನಂಬರನ್ನು ಪಕ್ಕದಲ್ಲಿ ಇಟ್ಟುಕೊಂಡು ಒಂದೊಂದೇ ಅಂಕಿ ಹೊಂದಿಸಿ. ಎಕ್ಸೆಲ್‌ನಲ್ಲಿ ಇಡುವುದಾದರೆ ಆ ಕಾಲಮನ್ನು ಮೊದಲೇ ಟೆಕ್ಸ್ಟ್ ಮಾಡಿ, ಆಮೇಲೆ ನಂಬರ್ ಹಾಕಿ. ಇಲ್ಲದಿದ್ದರೆ ಸೊನ್ನೆ ಹೋಗುತ್ತದೆ. ಸೊನ್ನೆ ಇಲ್ಲದ ನಂಬರಾದರೂ 12 ಅಂಕಿಯನ್ನು ಎಕ್ಸೆಲ್ 4.1ಇ+11 ಅನ್ನುವ ಹಾಗೆ ಕುಗ್ಗಿಸಿ ತೋರಿಸುತ್ತದೆ. ಅದನ್ನು ನೋಡಿ ಯಾರಿಗೂ ನಂಬರ್ ಓದಲು ಬರುವುದಿಲ್ಲ.

ಅವಧಿಯ ವಿಷಯ ಬಂತಲ್ವಾ, ಅದನ್ನೂ ಹೇಳಿಬಿಡುತ್ತೇನೆ. ಎಡಬ್ಲ್ಯೂಎಸ್ ಆಫರ್ ಮುಗಿಯುವುದು ಆ ತಾರೀಖಿನ ರಾತ್ರಿ 11 ಗಂಟೆ 59 ನಿಮಿಷಕ್ಕೆ. ಆದರೆ ಅದು ನಮ್ಮ ಗಡಿಯಾರ ಅಲ್ಲ, ಇಡೀ ಜಗತ್ತಿಗೆ ಒಂದೇ ಆಗಿರುವ ಯುಟಿಸಿ ಸಮಯ. ನಮಗೆ ಅದು ಮರುದಿನ ಬೆಳಗ್ಗೆ ಐದೂವರೆ. ಆ ಐದೂವರೆ ಗಂಟೆಯನ್ನು ನಂಬಿಕೊಂಡು ಕೂರಬೇಡಿ. ಆಫರ್ ಬಂದ ದಿನವೇ ತೆರೆದು ನೋಡಿ. ಒಪ್ಪಿಕೊಳ್ಳುವುದು ಆಮೇಲೆ.

ನಂಬರ್ ಸರಿ ಇದೆ ಅಂದ ಮಾತ್ರಕ್ಕೆ ಅರ್ಹತೆ ಮುಗಿಯಲಿಲ್ಲ. ಆ ಅಕೌಂಟ್ ಯಾರ ಮನೆಯದು ಅನ್ನುವುದು ಮುಂದಿನ ಪ್ರಶ್ನೆ. ಭಾರತದ ವಿಳಾಸ ಕೊಟ್ಟು ಅಕೌಂಟ್ ತೆಗೆದವರಿಗೆ ಸಾಮಾನ್ಯವಾಗಿ ಬಿಲ್ ಕೊಡುವುದು ಅಮೆಜಾನಿನ ಭಾರತದ ಕಂಪನಿ. ಕೆಲವರ ಹಳೆಯ ಅಕೌಂಟ್ ಅಮೆರಿಕದ ಕಂಪನಿಯ ಜೊತೆ ಇರುತ್ತದೆ. ತಿಂಗಳ ಬಿಲ್ ತೆರೆದು ನೋಡಿ, ಮಾರಿದವರ ಹೆಸರು ಅಲ್ಲೇ ಇರುತ್ತದೆ. ಇದು ಯಾಕೆ ಮುಖ್ಯ ಅಂದರೆ, ಮಾರ್ಕೆಟ್‌ಪ್ಲೇಸ್‌ನಲ್ಲಿರುವ ಎಲ್ಲ ಸಾಫ್ಟ್‌ವೇರೂ ಎಲ್ಲ ದೇಶದ ಅಕೌಂಟಿಗೂ ಸಿಗುವುದಿಲ್ಲ. ಮಾರುವ ಕಂಪನಿ ಯಾವ ದೇಶದವರಿಗೆ ಮಾರಬಹುದು, ಯಾವ ಹಣದಲ್ಲಿ ಬಿಲ್ ಮಾಡಬಹುದು, ತೆರಿಗೆ ಹೇಗೆ, ಎಲ್ಲವೂ ಇದರ ಮೇಲೆ ನಿಂತಿದೆ. ಮೊದಲನೇ ಮೇಲ್‌ನಲ್ಲೇ ಕೇಳಿಬಿಡಿ: “ನಮ್ಮ ಅಕೌಂಟಿಗೆ ಬಿಲ್ ಕೊಡುವುದು ಅಮೆಜಾನಿನ ಭಾರತದ ಕಂಪನಿ. ಈ ಅಕೌಂಟಿಗೆ ನೀವು ಪ್ರೈವೇಟ್ ಆಫರ್ ಕೊಡಲು ಬರುತ್ತದಾ?” ಬರುವುದಿಲ್ಲ ಅಂದರೆ ಚೌಕಾಸಿಗೆ ಕೂರುವ ಮೊದಲೇ ಗೊತ್ತಾಯಿತಲ್ಲ, ಬೇರೆ ದಾರಿ ನೋಡಬಹುದು.

ಕೆಲವರು ‘ಬೇರೆ ಅಕೌಂಟ್ ತೆಗೆದು ಜೋಡಿಸಿಬಿಡೋಣ’ ಅನ್ನುತ್ತಾರೆ. ಹುಷಾರು. ಒಂದೇ ಆರ್ಗನೈಸೇಶನ್ ಕೆಳಗೆ ಭಾರತದ ಕಂಪನಿಯ ಅಕೌಂಟ್, ಅಮೆರಿಕದ ಕಂಪನಿಯ ಅಕೌಂಟ್ ಎರಡನ್ನೂ ಕಲೆಸಲು ಎಡಬ್ಲ್ಯೂಎಸ್ ಬಿಡುವುದಿಲ್ಲ.

ಆರ್ಗನೈಸೇಶನ್ ಅಂದರೆ ಒಟ್ಟು ಕುಟುಂಬ ಅಂದುಕೊಳ್ಳಿ. ಬಿಲ್ ಕಟ್ಟುವ ಅಕೌಂಟ್ ಮನೆಯ ಯಜಮಾನ. ಅದನ್ನು ಪೇಯರ್ ಅಕೌಂಟ್ ಅನ್ನುತ್ತೇವೆ. ಕೆಳಗಿನ ಯಾವ ಅಕೌಂಟ್ ಏನು ಕೊಂಡರೂ ದುಡ್ಡು ಹೋಗುವುದು ಯಜಮಾನನ ಬಿಲ್ಲಿನಿಂದ. ಆದರೆ ಯಜಮಾನ ಕೊಂಡದ್ದು ಎಲ್ಲರಿಗೂ ತಾನಾಗಿ ಬರುತ್ತದೆ ಅಂದುಕೊಳ್ಳಬೇಡಿ. ಅದು ಸಾಫ್ಟ್‌ವೇರಿನ ಬಗೆಯ ಮೇಲಿದೆ. ನಮ್ಮ ಸರ್ವರಿನಲ್ಲೇ ಓಡುವ ಸಿದ್ಧ ಸಾಫ್ಟ್‌ವೇರ್ ಪ್ರತಿ, ಅಂದರೆ ಇಮೇಜ್, ಒಂದು ಬಗೆ; ಮಾರುವವರ ಸರ್ವರಿನಲ್ಲಿ ಓಡುವ ಸೇವೆ ಇನ್ನೊಂದು ಬಗೆ. ಸಾಫ್ಟ್‌ವೇರ್ ಯಾವ ಅಕೌಂಟಿನಲ್ಲಿ ಬಳಸುತ್ತೀರಿ, ಬಿಲ್ ಯಾವುದರಲ್ಲಿ ಕಟ್ಟುತ್ತೀರಿ, ಎರಡನ್ನೂ ಮಾರುವವರಿಗೆ ಹೇಳಿ. ಆಫರ್ ಯಾವುದಕ್ಕೆ ಮಾಡಬೇಕು ಅಂತ ಅವರ ಬಾಯಿಂದಲೇ ಬರಲಿ, ಮೇಲ್‌ನಲ್ಲಿ ಬರಲಿ.

ಇಲ್ಲಿ ಇನ್ನೊಂದು ಸೂಕ್ಷ್ಮ. ನಮ್ಮ ಭಾಗದಲ್ಲಿ ಬಹಳ ಜನ ಹೈದರಾಬಾದ್, ಪುಣೆ, ಬೆಂಗಳೂರಿನ ಪಾರ್ಟ್ನರ್, ಅಂದರೆ ಕ್ಲೌಡ್ ಮಾರಿಕೊಡುವ ಮಧ್ಯದ ಕಂಪನಿ ಮೂಲಕ ಕ್ಲೌಡ್ ತೆಗೆದುಕೊಳ್ಳುತ್ತಾರೆ. ರೂಪಾಯಿಯಲ್ಲಿ ಬಿಲ್, ಕನ್ನಡದಲ್ಲೋ ಹಿಂದಿಯಲ್ಲೋ ಮಾತಾಡುವವರು ಸಿಗುತ್ತಾರೆ. ಅದು ತಪ್ಪಲ್ಲ. ಆದರೆ ಆಗ ಯಜಮಾನ ಅಕೌಂಟ್ ಪಾರ್ಟ್ನರಿನದು. ನೀವು ಆಫರ್ ಒಪ್ಪಿಕೊಂಡರೆ ಬಿಲ್ ಬೀಳುವುದು ಅವರ ಮೇಲೆ. ಹಾಗಾಗಿ ಎಷ್ಟೋ ಪಾರ್ಟ್ನರುಗಳು ಮಾರ್ಕೆಟ್‌ಪ್ಲೇಸ್ ಖರೀದಿಯನ್ನೇ ಬಂದ್ ಮಾಡಿಟ್ಟಿರುತ್ತಾರೆ. ಅಂಥವರ ಮೂಲಕವೇ ಕೊಡುವ ಪಾರ್ಟ್ನರ್ ಆಫರ್ ಅನ್ನುವ ಬೇರೆ ದಾರಿ ಇದೆ. ಆದರೆ ಅದಕ್ಕೆ ಮಾರುವ ಕಂಪನಿ, ಪಾರ್ಟ್ನರ್ ಇಬ್ಬರೂ ಮೊದಲೇ ಒಪ್ಪಂದ ಮಾಡಿಕೊಂಡಿರಬೇಕು. ನಿಮ್ಮ ಪಾರ್ಟ್ನರನ್ನು ಬಿಟ್ಟು ನೀವೊಬ್ಬರೇ ರೇಟು ಮಾತಾಡಿ ಮುಗಿಸಿದರೆ ಕೊನೆಗೆ ಅವರ ಬಾಗಿಲಿಗೇ ಹೋಗಿ ನಿಲ್ಲಬೇಕಾಗುತ್ತದೆ.

ಅಕೌಂಟ್ ಆಯಿತು. ಒತ್ತುವ ಕೈ ಯಾರದು? ಆಫರ್ ಕಾಣುವುದಕ್ಕೆ ಒಂದು ಅನುಮತಿ, ಒಪ್ಪಿಕೊಳ್ಳುವುದಕ್ಕೆ ಇನ್ನೊಂದು ಅನುಮತಿ. ಎಡಬ್ಲ್ಯೂಎಸ್‌ನಲ್ಲಿ ಇದಕ್ಕೆಂದೇ ‘ಮಾರ್ಕೆಟ್‌ಪ್ಲೇಸ್ ಮ್ಯಾನೇಜ್ ಸಬ್‌ಸ್ಕ್ರಿಪ್ಶನ್ಸ್’ ಅನ್ನುವ ಸಿದ್ಧ ಪಾಲಿಸಿ, ಅಂದರೆ ಅನುಮತಿಗಳ ಪಟ್ಟಿ ಇದೆ. ಯಾರು ಒಪ್ಪಿಕೊಳ್ಳುತ್ತಾರೋ ಆ ಯೂಸರಿಗೆ ಮೊದಲೇ ಕೊಟ್ಟಿಡಿ. ಅವಸರದಲ್ಲಿ, ಇಡೀ ಅಕೌಂಟಿನ ಮೇಲೆ ಹಿಡಿತ ಇರುವ ರೂಟ್ ಪಾಸ್‌ವರ್ಡ್ ವಾಟ್ಸಾಪಿನಲ್ಲಿ ಕಳಿಸುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ದೊಡ್ಡ ಸಂಸ್ಥೆಗಳಲ್ಲಿ ಪ್ರೈವೇಟ್ ಮಾರ್ಕೆಟ್‌ಪ್ಲೇಸ್ ಅಂತ ಒಂದು ಬೇಲಿಯೂ ಇರುತ್ತದೆ. ಅಡ್ಮಿನ್ ಒಪ್ಪಿದ ಸಾಫ್ಟ್‌ವೇರ್ ಮಾತ್ರ ಅದರೊಳಗೆ ಕೊಳ್ಳಲು ಬರುತ್ತದೆ. ನಿಮ್ಮಲ್ಲಿ ಅದು ಇದ್ದರೆ ಅಡ್ಮಿನ್‌ಗೆ ಮುಂಚೆಯೇ ಹೇಳಿಡಿ.

ಇನ್ನು ಜಿಎಸ್‌ಟಿ. ಗಡಿ ಜಿಲ್ಲೆಯ ನಮಗೆ ಇದು ಬೇರೆ ಊರಿನವರಿಗಿಂತ ಜಾಸ್ತಿ ಮುಖ್ಯ. ಜಿಎಸ್‌ಟಿ ನಂಬರ್ 15 ಅಕ್ಷರದ್ದು. ಮೊದಲ ಎರಡು ಅಂಕಿ ರಾಜ್ಯದ್ದು. ಕರ್ನಾಟಕ 29, ತೆಲಂಗಾಣ 36, ಮಹಾರಾಷ್ಟ್ರ 27. ನಾನು ಹೇಳಿದ ಮಿಲ್ಲಿಗೆ ಮೂರೂ ಇವೆ. ಅಕೌಂಟ್ ತೆಗೆದವನು ತಾಂಡೂರಿನ ಹುಡುಗ. ಹಾಗಾಗಿ ತೆರಿಗೆ ಪುಟದಲ್ಲಿ 36ರಿಂದ ಶುರುವಾಗುವ ನಂಬರ್ ಕೂತಿತ್ತು. ಸಾಫ್ಟ್‌ವೇರ್ ಬಳಸುವುದು ಕಲಬುರಗಿಯಲ್ಲಿ, ಬಿಲ್ ತೆಲಂಗಾಣದ ನಂಬರಿಗೆ. ಇನ್‌ಪುಟ್ ಕ್ರೆಡಿಟ್ ತೆಗೆದುಕೊಳ್ಳುವಾಗ, ಅಂದರೆ ಕೊಂಡಾಗ ಕಟ್ಟಿದ ಜಿಎಸ್‌ಟಿಯನ್ನು ನಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವಾಗ, ಸಿಎ ತಲೆ ಹಿಡಿದುಕೊಂಡು ಕೂತರು. ತೆರಿಗೆ ಪುಟ ತೆರೆಯಿರಿ, ಮೊದಲ ಎರಡು ಅಂಕಿ ನೋಡಿ. ಅರ್ಧ ನಿಮಿಷದ ಕೆಲಸ. ಮಾರುವವರು ಹೊರದೇಶದ ಕಂಪನಿ ಆಗಿದ್ದರೆ ರಿವರ್ಸ್ ಚಾರ್ಜ್ ಬರುತ್ತದೆ. ಅಂದರೆ ಜಿಎಸ್‌ಟಿ ನೋಂದಣಿ ಇರುವ ಕೊಳ್ಳುವವರೇ ತೆರಿಗೆ ಕಟ್ಟಬೇಕು. ಸಾಫ್ಟ್‌ವೇರ್ ಸೇವೆಗೆ ಅದು ಶೇ 18. ಟಿಡಿಎಸ್ ಪ್ರಶ್ನೆಯೂ ಇದೆ. ಆಫರ್ ಒಪ್ಪುವ ಮೊದಲು ಸಿಎ ಅವರಿಗೆ ಒಂದು ಸಲ ತೋರಿಸಿ.

ಕಾರ್ಡಿನಿಂದ ಕಟ್ಟುವವರಿಗೆ ಒಂದು ಮಾತು. 2020ರ ಮಾರ್ಚ್ 16ರಿಂದ ಹೊಸ ಕಾರ್ಡುಗಳಲ್ಲಿ ಆನ್‌ಲೈನ್, ಹೊರದೇಶದ ವಹಿವಾಟು ಮೊದಲಿಗೆ ಬಂದ್ ಇರುತ್ತದೆ. ರಿಸರ್ವ್ ಬ್ಯಾಂಕ್ ನಿಯಮ ಅದು. ಡಾಲರಿನಲ್ಲಿ ಬಿಲ್ ಬರುವುದಾದರೆ ಬ್ಯಾಂಕ್ ಆಪ್‌ನಲ್ಲಿ ಅದನ್ನು ತೆರೆದುಕೊಳ್ಳಿ, ಮಿತಿಯನ್ನೂ ನೋಡಿಕೊಳ್ಳಿ.

ಅಜೂರ್ ಬಳಸುವವರು ಇಲ್ಲಿ ಎಷ್ಟು ಜನ? ಐದಾರು ಕೈ ಕಾಣುತ್ತಿವೆ. ನಿಮಗೆ ನಂಬರೇ ಬೇರೆ. ಅಲ್ಲಿ ಆಫರ್ ಬರುವುದು ಬಿಲ್ಲಿಂಗ್ ಅಕೌಂಟಿಗೆ. ಅದರ ಕೆಳಗೆ ಸರ್ವರ್, ಸೇವೆಗಳನ್ನು ಗುಂಪು ಮಾಡಿಡುವ ಸಬ್‌ಸ್ಕ್ರಿಪ್ಶನ್ನಿನ ನಂಬರ್ ಕೊಟ್ಟರೆ ಕೆಲಸಕ್ಕೆ ಬರುವುದಿಲ್ಲ. ನಿಮ್ಮ ಕರಾರು ಮೈಕ್ರೋಸಾಫ್ಟ್ ಜೊತೆ ನೇರವಾಗಿ ಇರಬೇಕು. ಪಾರ್ಟ್ನರ್ ಮೂಲಕ ಇದ್ದರೆ ಆಫರ್ ಕೂಡ ಪಾರ್ಟ್ನರ್ ದಾರಿಯಲ್ಲೇ ಬರಬೇಕು. ಒಪ್ಪಿಕೊಳ್ಳುವುದಕ್ಕೆ ಬಿಲ್ಲಿಂಗ್ ಅಕೌಂಟಿನ ಅಧಿಕಾರ ಬೇಕು. ಒಪ್ಪಿಕೊಂಡ ಮೇಲೆ ಖರೀದಿ ಅಂತ ಇನ್ನೊಂದು ಹೆಜ್ಜೆ ಇದೆ, ಅದಕ್ಕೆ ಸಬ್‌ಸ್ಕ್ರಿಪ್ಶನ್‌ನಲ್ಲಿ ಅಧಿಕಾರ ಬೇಕು. ಒಪ್ಪಿಕೊಂಡೆವು, ಮುಗಿಯಿತು ಅಂತ ಎದ್ದು ಹೋದರೆ ಸಾಫ್ಟ್‌ವೇರ್ ಬರುವುದಿಲ್ಲ. ಗೂಗಲ್ ಕ್ಲೌಡ್‌ನಲ್ಲೂ ಬಿಲ್ಲಿಂಗ್ ಅಕೌಂಟೇ. ಆರಾರು ಅಕ್ಷರದ ಮೂರು ಗುಂಪು, ನಡುವೆ ಅಡ್ಡಗೆರೆ. ಪ್ರಾಜೆಕ್ಟ್ ಹೆಸರು ಕೊಟ್ಟು ಕೂರಬೇಡಿ.

ಎಡಬ್ಲ್ಯೂಎಸ್‌ನಲ್ಲೂ ಸೇವೆಯ ರೂಪದ ಸಾಫ್ಟ್‌ವೇರಿಗೆ ಒಪ್ಪಿಕೊಂಡ ಮೇಲೆ ‘ಸೆಟಪ್’ ಬಟನ್ ಬರುತ್ತದೆ. ಅದನ್ನು ಒತ್ತಿದರೆ ಮಾರುವವರ ಪುಟಕ್ಕೆ ಕರೆದೊಯ್ಯುತ್ತದೆ, ಅಲ್ಲಿ ನೋಂದಣಿ ಮಾಡಬೇಕು. ಅದನ್ನು ಮಾಡದೆ ಬಿಟ್ಟರೆ ಕರಾರು ಶುರುವಾಗಿರುತ್ತದೆ, ಬಿಲ್ಲೂ ಬಂದಿರುತ್ತದೆ, ಸಾಫ್ಟ್‌ವೇರ್ ಮಾತ್ರ ಓಡುತ್ತಿರುವುದಿಲ್ಲ. ಅದೇ ಸಾಫ್ಟ್‌ವೇರನ್ನು ಈಗಾಗಲೇ ಅಂಗಡಿ ರೇಟಿಗೆ ಕೊಂಡು ಬಳಸುತ್ತಿದ್ದರೆ ಅದನ್ನೂ ಮಾರುವವರಿಗೆ ಮೊದಲೇ ಹೇಳಿ. ಹಳೆಯ ಕರಾರನ್ನು ತಿದ್ದುವ ಆಫರ್ ಮಾಡುವುದೇ ಬೇರೆ ಕೆಲಸ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಎರಡನ್ನು ಇಲ್ಲಿ ಬರೆಯುತ್ತೇನೆ.

ಕಾಲೇಜೊಂದರ ಲ್ಯಾಬ್ ನೋಡಿಕೊಳ್ಳುವ ಮೇಡಂ ಕೇಳಿದರು. “ನಮ್ಮ ಕಡೆ ಫ್ರೀ ಕ್ರೆಡಿಟ್ ಬಾಳ ಅವರಿ. ಅದರಾಗ ಈ ಆಫರ್ ತಗೊಳ್ಳಾಕ ಬರ್ತದೇನ್ರಿ?” ಬರುವುದಿಲ್ಲ ಮೇಡಂ ಅಂದೆ. ಕ್ರೆಡಿಟ್ ಅಂದರೆ ಕ್ಲೌಡ್ ಕಂಪನಿ ತನ್ನ ಸೇವೆ ಬಳಸಲು ಪುಕ್ಕಟೆ ಕೊಡುವ ಮೊತ್ತ. ಅಜೂರಿನ ಫ್ರೀ ಟ್ರಯಲ್, ವಿದ್ಯಾರ್ಥಿ ಕ್ರೆಡಿಟ್‌ನಿಂದ ಬೇರೆ ಕಂಪನಿಯ ಸಾಫ್ಟ್‌ವೇರ್ ಕೊಳ್ಳಲು ಆಗುವುದಿಲ್ಲ. ಎಡಬ್ಲ್ಯೂಎಸ್ ಪ್ರಮೋಶನ್ ಕ್ರೆಡಿಟ್ ಕೂಡ ಸಾಮಾನ್ಯವಾಗಿ ಮಾರ್ಕೆಟ್‌ಪ್ಲೇಸ್ ಬಿಲ್ಲಿಗೆ ಹೊಂದುವುದಿಲ್ಲ. ಕ್ರೆಡಿಟ್ ಇದೆ ಅಂತ ಒಪ್ಪಿಕೊಂಡರೆ ಪೂರ್ತಿ ದುಡ್ಡು ಕಾಲೇಜೇ ಕಟ್ಟಬೇಕಾಗುತ್ತದೆ. ಪ್ರಿನ್ಸಿಪಾಲರ ಹತ್ತಿರ ಟಿಪ್ಪಣಿ ಕಳಿಸುವಾಗ ಇದನ್ನು ಮೊದಲ ಸಾಲಿನಲ್ಲೇ ಬರೆಯಿರಿ ಅಂದೆ.

ಹಿಂದಿನ ಸಾಲಿನಿಂದ ಅಡತ್ ಅಂಗಡಿಯ ಹಿರಿಯರೊಬ್ಬರು ಎದ್ದರು. “ಮತ್ ನಮ್ಮ ಅಕೌಂಟು ನಮ್ಮ ಹುಡುಗನ ಜಿಮೇಲ್‌ದಾಗ ಅದರಿ. ಅವ ನೌಕರಿ ಬಿಟ್ಟು ಪುಣೆಕ್ಕ ಹೋಗ್ಯಾನ. ನಾವು ಏನ್ ಮಾಡಬೇಕ್ರಿ?”

ಕಾಕಾ, ಉಳಿದದ್ದೆಲ್ಲ ಬಿಡಿ, ಇದನ್ನು ಇವತ್ತೇ ಮಾಡಿ ಅಂದೆ. ರೂಟ್ ಮೇಲ್ ಯಾರ ಕೈಯಲ್ಲಿದೆಯೋ ಅಕೌಂಟ್ ಅವರದು. ಅವನಿಗೆ ಫೋನ್ ಮಾಡಿ. ಅಂಗಡಿಯ ಹೆಸರಿನ ಒಂದು ಮೇಲ್ ವಿಳಾಸ ಹಾಕಿಸಿ. ಆಮೇಲೆ ಪಾಸ್‌ವರ್ಡ್ ಬದಲಿಸಿ, ಅದರ ಹಿಂದೆಯೇ ಪಾಸ್‌ವರ್ಡ್ ಜೊತೆ ಇನ್ನೊಂದು ಕೋಡ್ ಕೇಳುವ ಎರಡನೇ ಬೀಗ ಹಾಕಿ.

ಅವರು ಅಲ್ಲೇ ಫೋನ್ ತೆಗೆದರು. ಹುಡುಗ ಎರಡನೇ ರಿಂಗಿಗೇ ಎತ್ತಿದ. “ಕಾಕಾ, ನಾನೇ ಹೇಳಬೇಕಂತಿದ್ದೆ, ಮರೀತಿದ್ದೆ” ಅಂದ. ಸ್ಪೀಕರಿನಲ್ಲಿ ಅವನ ದನಿ ಎಲ್ಲರಿಗೂ ಕೇಳುತ್ತಿತ್ತು. ಹಾಲಿನ ಇನ್ನೊಂದು ತುದಿಯಲ್ಲಿ ಚಹಾ ಕೊಡುತ್ತಿದ್ದರು. ನಾವಿಬ್ಬರು ಮಾತ್ರ ಕುರ್ಚಿ ಹತ್ತಿರ ಎಳೆದುಕೊಂಡು, ಹೊಸ ಮೇಲ್‌ಗೆ ಬಂದ ಕೋಡನ್ನು ಅವನಿಗೆ ಒಂದೊಂದೇ ಅಂಕಿ ಓದಿ ಹೇಳುತ್ತ ಕೂತೆವು.